ವಿಕಲಚೇತನ ಕಾಲೇಜು ವಿದ್ಯಾರ್ಥಿಗೆ ಯಾವ ಸ್ಕಾಲರ್‌ಶಿಪ್ ಲಾಭ: ಲೆಕ್ಕ ಹಾಕಿ ಆರಿಸುವ ಬಗೆ

ಪಿಯುಸಿ ಮುಗಿದು ಕಾಲೇಜು ಸೇರುವ ಹೊತ್ತಿಗೆ ವಿಕಲಚೇತನ ವಿದ್ಯಾರ್ಥಿಯ ಕಿವಿಗೆ ಯೋಜನೆಗಳ ಹೆಸರು ಸಾಲುಸಾಲಾಗಿ ಬೀಳುತ್ತವೆ: ಪೋಸ್ಟ್ ಮೆಟ್ರಿಕ್, ಸಕ್ಷಮ್, ಟಾಪ್ ಕ್ಲಾಸ್, ಎಸ್‌ಎಸ್‌ಪಿ, ವಿದ್ಯಾಲಕ್ಷ್ಮಿ. ಎಲ್ಲದಕ್ಕೂ ಅರ್ಜಿ ಹಾಕಿಬಿಡೋಣ, ಯಾವುದು ಬರುತ್ತೋ ಬರಲಿ ಎಂದು ಸೈಬರ್ ಸೆಂಟರ್‌ಗೆ ನಡೆಯುವವರೇ ಹೆಚ್ಚು. ಆದರೆ ಕೇಂದ್ರದ ನಿಯಮ ಬೇರೆಯೇ ಹೇಳುತ್ತದೆ. ಅಂಗವಿಕಲರ ವಿದ್ಯಾರ್ಥಿವೇತನ ಪಡೆಯುವವರು ಅದೇ ವ್ಯಾಸಂಗಕ್ಕೆ ಇನ್ನೊಂದು ವಿದ್ಯಾರ್ಥಿವೇತನವನ್ನಾಗಲಿ ಸ್ಟೈಪೆಂಡನ್ನಾಗಲಿ ಪಡೆಯುವಂತಿಲ್ಲ. ಎರಡು ಮಂಜೂರಾದರೆ ತಮಗೆ ಹೆಚ್ಚು ಅನುಕೂಲವಾದ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಬೇಕು. ಹಾಗಾಗಿ ಯಾವುದು ಸಿಗುತ್ತದೆ ಎಂದು ಹುಡುಕುವುದರ ಜೊತೆಗೆ ಯಾವುದನ್ನು ಇಟ್ಟುಕೊಂಡರೆ ಲಾಭ ಎಂಬ ಲೆಕ್ಕವನ್ನೂ ಹಾಕಿಟ್ಟುಕೊಳ್ಳಬೇಕು. ಕೋರ್ಸ್, ಕಾಲೇಜಿನ ಶುಲ್ಕ, ಹಾಸ್ಟೆಲ್, ಮನೆಯ ಆದಾಯ ಬದಲಾದಂತೆ ಈ ಉತ್ತರವೂ ಬದಲಾಗುತ್ತದೆ.

ಮೊದಲು ಯುಡಿಐಡಿ

ವಿಕಲಚೇತನರಿಗೆಂದೇ ಇರುವ ಯೋಜನೆಗಳಿಗೆಲ್ಲ ಕನಿಷ್ಠ ಶೇಕಡಾ 40 ಅಂಗವೈಕಲ್ಯ ಇರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಕಲಿಕಾ ನ್ಯೂನತೆ, ತಲಸ್ಸೇಮಿಯಾ, ಹಿಮೋಫಿಲಿಯಾ, ಆ್ಯಸಿಡ್ ದಾಳಿಗೆ ಒಳಗಾದವರು ಎಲ್ಲರೂ ಅದರಲ್ಲಿ ಬರುತ್ತಾರೆ. ಕಣ್ಣು, ಕಿವಿ, ಕೈಕಾಲಿಗೆ ಮಾತ್ರ ಎಂದುಕೊಂಡು ಅರ್ಜಿಯನ್ನೇ ಹಾಕದವರು ಇಂದಿಗೂ ಇದ್ದಾರೆ.

ಯುಡಿಐಡಿ ಎಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡ್. ಅದರ ಬಣ್ಣ ನೋಡಿದರೆ ಶೇಕಡಾವಾರು ಗೊತ್ತಾಗುತ್ತದೆ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ. ಬಿಳಿ ಕಾರ್ಡಿನವರಿಗೆ ಮುಂದೆ ಹೇಳುವ ವಿಕಲಚೇತನರ ಯೋಜನೆಗಳು ಸಿಗುವುದಿಲ್ಲ. ಆದರೆ ಕೈಬಿಡುವ ಮುನ್ನ ಒಂದು ಪರೀಕ್ಷೆ ಮಾಡಿ. ಎರಡು ಬಗೆಯ ತೊಂದರೆ ಇದ್ದು ಒಂದನ್ನಷ್ಟೇ ಅಳೆಸಿರುವ ಸಾಧ್ಯತೆ ಇದೆ. ಎರಡನ್ನೂ ಸೇರಿಸಲು ಒಂದು ಸೂತ್ರವಿದೆ: 90ರಿಂದ ದೊಡ್ಡ ಪ್ರಮಾಣವನ್ನು ಕಳೆದು, ಉಳಿದದ್ದನ್ನು ಚಿಕ್ಕ ಪ್ರಮಾಣದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಪ್ರಮಾಣಕ್ಕೆ ಕೂಡಿಸಬೇಕು. ಕಾಲಿನ ತೊಂದರೆ ಶೇ. 30, ಶ್ರವಣದೋಷ ಶೇ. 20 ಎಂದಿಟ್ಟುಕೊಳ್ಳಿ. 60ನ್ನು 20ರಿಂದ ಗುಣಿಸಿದರೆ 1,200, ಅದನ್ನು 90ರಿಂದ ಭಾಗಿಸಿದರೆ 13ಕ್ಕೆ ಸ್ವಲ್ಪ ಹೆಚ್ಚು. ಒಟ್ಟು 43 ದಾಟುತ್ತದೆ. ಬಿಡಿಬಿಡಿಯಾಗಿ ಎರಡೂ ಸಾಲದು, ಸೇರಿಸಿ ಅಳೆಸಿದರೆ ಹಳದಿ ಕಾರ್ಡು.

ಹೊಸದಾಗಿ ಕಾರ್ಡ್ ಮಾಡಿಸುವವರು ಪಿಯುಸಿ ಎರಡನೇ ವರ್ಷದಲ್ಲೇ ಯುಡಿಐಡಿಯ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ತಪಾಸಣೆ ಮುಗಿಸಿ ಕಾರ್ಡ್ ಕೊಡಲು ಆಸ್ಪತ್ರೆಗೆ 3 ತಿಂಗಳವರೆಗೆ ಅವಕಾಶವಿದೆ. ಸ್ಕಾಲರ್‌ಶಿಪ್ ಅರ್ಜಿ ಕರೆದ ಮೇಲೆ ಓಡಾಡಿದರೆ ಆ ವರ್ಷ ಕೈತಪ್ಪಿತು ಎಂದೇ ಲೆಕ್ಕ. ಕಾರ್ಡ್ ತಾತ್ಕಾಲಿಕವಾಗಿದ್ದರೆ ಅದರ ಮೇಲಿರುವ ಅವಧಿಯನ್ನೂ ನೋಡಿ. ನಾಲ್ಕು ವರ್ಷದ ಕೋರ್ಸಿನ ನಡುವೆ ಅವಧಿ ತೀರಿದರೆ ಸ್ಕಾಲರ್‌ಶಿಪ್ ನವೀಕರಣ ಅಲ್ಲಿಗೇ ನಿಲ್ಲುತ್ತದೆ.

ಪೋಸ್ಟ್ ಮೆಟ್ರಿಕ್ಕೋ ಸಕ್ಷಮ್ಮೋ

ಎಂಜಿನಿಯರಿಂಗ್ ಅಥವಾ ಪಾಲಿಟೆಕ್ನಿಕ್ ಸೇರಿದವರ ಮುಂದಿನ ನಿಜವಾದ ಆಯ್ಕೆ ಇದು. ಎರಡಕ್ಕೂ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲೇ, ಅಂದರೆ ಎನ್‌ಎಸ್‌ಪಿಯಲ್ಲೇ ಅರ್ಜಿ. ಹಣ ಕೊಡುವ ರೀತಿ ಮಾತ್ರ ಪೂರ್ತಿ ಬೇರೆ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ, ಅಂದರೆ ಎಐಸಿಟಿಇಯ ಸಕ್ಷಮ್ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ. ಶುಲ್ಕ ಎಷ್ಟಿದ್ದರೂ ಅಷ್ಟೇ. ಶುಲ್ಕ ಕಟ್ಟಿ ಉಳಿದದ್ದರಲ್ಲಿ ಪುಸ್ತಕ, ಕಂಪ್ಯೂಟರ್, ಉಪಕರಣ ಕೊಳ್ಳಬಹುದು. ಕುಟುಂಬದ ಆದಾಯ 8 ಲಕ್ಷದವರೆಗೆ ಇರಬಹುದು. ಪದವಿಗೆ ಹೆಚ್ಚೆಂದರೆ 4 ವರ್ಷ, ಡಿಪ್ಲೊಮಾಗೆ 3 ವರ್ಷ. ಎಐಸಿಟಿಇ ಮಾನ್ಯತೆಯ ಕಾಲೇಜೇ ಆಗಿರಬೇಕು, ಮತ್ತು ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರವಾಗಿ ಎರಡನೇ ವರ್ಷಕ್ಕೆ ಸೇರಿ ಬಂದವರು ಮಾತ್ರ ಎರಡನೇ ವರ್ಷದಲ್ಲಿ ಹಾಕಬಹುದು. ಮೊದಲ ವರ್ಷ ಬಿಟ್ಟವರಿಗೆ ಮುಂದೆ ಬಾಗಿಲಿಲ್ಲ.

ಕೇಂದ್ರದ ವಿಕಲಚೇತನರ ಸಬಲೀಕರಣ ಇಲಾಖೆಯ ಪೋಸ್ಟ್ ಮೆಟ್ರಿಕ್ ಬಿಡಿಬಿಡಿಯಾಗಿ ಕೊಡುತ್ತದೆ. ಮರಳಿ ಸಿಗದ ಕಡ್ಡಾಯ ಶುಲ್ಕ ವರ್ಷಕ್ಕೆ 1.5 ಲಕ್ಷದವರೆಗೆ ಮರುಪಾವತಿ. ತಿಂಗಳಿಗೆ ನಿರ್ವಹಣಾ ಭತ್ಯೆ: ಎಂಜಿನಿಯರಿಂಗ್, ವೈದ್ಯಕೀಯದಂಥ ಪದವಿಗಳಿಗೆ ಹಾಸ್ಟೆಲ್‌ನಲ್ಲಿದ್ದರೆ 1,600, ಮನೆಯಿಂದ ಓಡಾಡಿದರೆ 750. ವರ್ಷಕ್ಕೆ ಪುಸ್ತಕಕ್ಕೆ 1,500. ಅಂಗವೈಕಲ್ಯ ಭತ್ಯೆ ದೃಷ್ಟಿದೋಷ ಮತ್ತು ಬೌದ್ಧಿಕ ಅಂಗವೈಕಲ್ಯಕ್ಕೆ ವರ್ಷಕ್ಕೆ 4,000, ಉಳಿದವರಿಗೆ 2,000. ಪೋಷಕರ ಆದಾಯದ ಮಿತಿ 2.5 ಲಕ್ಷ. ಒಂದೇ ತಂದೆ ತಾಯಿಯ ಇಬ್ಬರು ಮಕ್ಕಳಿಗೆ ಮಾತ್ರ ಸಿಗುತ್ತದೆ.

ಈಗ ಲೆಕ್ಕಕ್ಕೆ ಬನ್ನಿ. ಎಂಜಿನಿಯರಿಂಗ್ ಓದುವ, ಮನೆಯಿಂದ ಓಡಾಡುವ, ಕಾಲಿನ ಅಂಗವೈಕಲ್ಯವಿರುವ ವಿದ್ಯಾರ್ಥಿ ಎಂದಿಟ್ಟುಕೊಳ್ಳಿ. ನಿರ್ವಹಣಾ ಭತ್ಯೆಯನ್ನು ಜಿಪುಣತನದಿಂದಲೇ 10 ತಿಂಗಳಿಗೆ ಹಿಡಿದರೆ 7,500. ಪುಸ್ತಕ 1,500, ಅಂಗವೈಕಲ್ಯ ಭತ್ಯೆ 2,000. ಒಟ್ಟು 11,000, ಅದರ ಮೇಲೆ ಕಟ್ಟಿದ ಶುಲ್ಕ. ಸಕ್ಷಮ್‌ನ 50,000ದಲ್ಲಿ 11,000 ಕಳೆದರೆ 39,000. ಇದೇ ಗಡಿ. ಕಾಲೇಜಿನ ಶುಲ್ಕ 39,000ಕ್ಕಿಂತ ಕಡಿಮೆ ಇದ್ದರೆ ಸಕ್ಷಮ್ ಲಾಭ, ಹೆಚ್ಚಿದ್ದರೆ ಪೋಸ್ಟ್ ಮೆಟ್ರಿಕ್. ಹಾಸ್ಟೆಲ್‌ನಲ್ಲಿದ್ದರೆ ಈ ಗಡಿ 30,500ಕ್ಕೆ ಇಳಿಯುತ್ತದೆ. ದೃಷ್ಟಿದೋಷವಿದ್ದರೆ ಎರಡರಲ್ಲೂ ಇನ್ನೂ 2,000 ಕಡಿಮೆ.

ಶುಲ್ಕ 20,000 ಇದ್ದರೆ ಪೋಸ್ಟ್ ಮೆಟ್ರಿಕ್ಕಿನಿಂದ 31,000 ಬರುತ್ತದೆ, ಸಕ್ಷಮ್‌ನಿಂದ 50,000. ನಾಲ್ಕು ವರ್ಷಕ್ಕೆ 76,000 ವ್ಯತ್ಯಾಸ. ಶುಲ್ಕ 90,000 ಇದ್ದರೆ ತಕ್ಕಡಿ ಆಚೆಗೆ ವಾಲುತ್ತದೆ: ಪೋಸ್ಟ್ ಮೆಟ್ರಿಕ್ 1,01,000, ಸಕ್ಷಮ್ ಅದೇ 50,000. ನಾಲ್ಕು ವರ್ಷಕ್ಕೆ 2 ಲಕ್ಷಕ್ಕೂ ಮೇಲೆ. ಪಾಲಿಟೆಕ್ನಿಕ್ ಡಿಪ್ಲೊಮಾದವರಿಗೆ ನಿರ್ವಹಣಾ ಭತ್ಯೆಯೇ ಕಡಿಮೆ, ಹಾಸ್ಟೆಲ್‌ಗೆ 900, ಓಡಾಡುವವರಿಗೆ 550. ಸರ್ಕಾರಿ ಪಾಲಿಟೆಕ್ನಿಕ್ ಶುಲ್ಕವಂತೂ ಈ ಗಡಿಯ ಹತ್ತಿರವೂ ಸುಳಿಯುವುದಿಲ್ಲ. ಅವರು ಎರಡನೇ ಯೋಚನೆ ಇಲ್ಲದೆ ಸಕ್ಷಮ್ ಹಿಡಿಯಬಹುದು.

ಕಾಗದದ ಮೇಲೆ ಹೆಚ್ಚು ಕಂಡದ್ದು ಕೈಗೆ ಬರಬೇಕಲ್ಲ. ಪೋಸ್ಟ್ ಮೆಟ್ರಿಕ್‌ಗೆ ದೇಶಕ್ಕೆಲ್ಲ ಸೇರಿ ವರ್ಷಕ್ಕೆ 17,000 ಹೊಸ ಸ್ಥಾನ ಮಾತ್ರ. ಪಿಯುಸಿಯಿಂದ ಸ್ನಾತಕೋತ್ತರದವರೆಗಿನ ಎಲ್ಲರೂ ಅದರಲ್ಲೇ. ಅಂಕ ಸಾಧಾರಣವಾಗಿದ್ದು ಗಡಿಯ ಆಸುಪಾಸಿನಲ್ಲೇ ಇರುವವರು ಎರಡೋ ಮೂರೋ ಸಾವಿರದ ಆಸೆಗೆ ಪೋಸ್ಟ್ ಮೆಟ್ರಿಕ್ ನೆಚ್ಚಿಕೊಳ್ಳದಿರುವುದೇ ಜಾಣತನ. ಸಕ್ಷಮ್ ಮೊತ್ತ ನಿಶ್ಚಿತ, ರಸೀದಿಯಲ್ಲಿನ ಶುಲ್ಕದ ಬಗ್ಗೆ ತಕರಾರು ಏಳುವ ಪ್ರಸಂಗವೂ ಇಲ್ಲ.

ಬಿಎ, ಬಿಎಸ್ಸಿ, ಬಿಕಾಂ ಓದುವವರಿಗೆ

ಸಕ್ಷಮ್ ಇಲ್ಲಿಗೆ ಬರುವುದಿಲ್ಲ. ಆದಾಯ 2.5 ಲಕ್ಷದ ಒಳಗಿದ್ದರೆ ಪೋಸ್ಟ್ ಮೆಟ್ರಿಕ್ಕೇ ಮೊದಲ ಆಯ್ಕೆ. ತಿಂಗಳಿಗೆ ಹಾಸ್ಟೆಲ್‌ಗೆ 950, ಓಡಾಡುವವರಿಗೆ 650. ಎಂಎ, ಎಂಎಸ್ಸಿ, ನರ್ಸಿಂಗ್, ಕಾನೂನು ಓದುವವರಿಗೆ 1,100 ಮತ್ತು 700.

2.5 ಲಕ್ಷ ದಾಟಿ 4.5 ಲಕ್ಷದ ಒಳಗಿರುವವರು ಹೆಚ್ಚಾಗಿ ತಮಗೇನೂ ಇಲ್ಲ ಎಂದು ಸುಮ್ಮನಾಗುತ್ತಾರೆ. ಅವರು ನೋಡಬೇಕಾದದ್ದು ಕೇಂದ್ರ ಶಿಕ್ಷಣ ಸಚಿವಾಲಯದ ಕಾಲೇಜು ವಿದ್ಯಾರ್ಥಿಗಳ ಕೇಂದ್ರ ವಲಯದ ವಿದ್ಯಾರ್ಥಿವೇತನ. ಪದವಿಗೆ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000. ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡಿನ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಇದು ಶೇಕಡಾ 80 ಅಂಕ ಅಲ್ಲ, ನೂರು ಜನರಲ್ಲಿ ಮೇಲಿನ ಇಪ್ಪತ್ತರಲ್ಲಿ ಇರಬೇಕು ಎಂಬ ಅರ್ಥ. ವಿಕಲಚೇತನರಿಗೆ ಶೇಕಡಾ 5 ಸಮತಲ ಮೀಸಲಾತಿ, ಅಂದರೆ ಪ್ರತಿ ಜಾತಿ ವರ್ಗದ ಒಳಗೂ ಅನ್ವಯಿಸುವ ಮೀಸಲಾತಿ ಇದೆ, ಅರ್ಜಿಯಲ್ಲಿ ಅಂಗವೈಕಲ್ಯದ ಕಲಂ ಖಾಲಿ ಬಿಟ್ಟರೆ ಅದು ಸಿಗುವುದಿಲ್ಲ. ಬಿಳಿ ಕಾರ್ಡಿನವರೂ ಸಾಮಾನ್ಯ ಅಭ್ಯರ್ಥಿಯಾಗಿ ಇದಕ್ಕೆ ಹಾಕಬಹುದು.

ಟಾಪ್ ಕ್ಲಾಸ್: ಸಿಕ್ಕವರಿಗೆ ಭರ್ಜರಿ

ಐಐಟಿ, ಎನ್‌ಐಟಿ, ಐಐಎಂಗಳಂಥ ಅಧಿಸೂಚಿತ ಸಂಸ್ಥೆಯಲ್ಲಿ ಸೀಟು ಸಿಕ್ಕವರು ಮೊದಲು ಇದನ್ನು ನೋಡಿ. ಆದಾಯದ ಮಿತಿ 8 ಲಕ್ಷ. ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷದವರೆಗೆ, ಹಾಸ್ಟೆಲ್‌ನವರಿಗೆ ತಿಂಗಳಿಗೆ 3,000, ಓಡಾಡುವವರಿಗೆ 1,500, ಓದಿ ಹೇಳುವವರು ಅಥವಾ ಸಹಾಯಕರ ಖರ್ಚಿಗೆಂದು ತಿಂಗಳಿಗೆ ಇನ್ನೊಂದು 2,000, ಪುಸ್ತಕಕ್ಕೆ ವರ್ಷಕ್ಕೆ 5,000. ಇದಲ್ಲದೆ ಇಡೀ ಕೋರ್ಸಿಗೆ ಒಂದು ಸಲ ಕಂಪ್ಯೂಟರ್‌ಗೆ 30,000, ಸಹಾಯಕ ಸಾಧನ ಮತ್ತು ತಂತ್ರಾಂಶಕ್ಕೆ 30,000. ಸ್ಥಾನಗಳು ವರ್ಷಕ್ಕೆ 300.

ಐಐಟಿ, ಎನ್‌ಐಟಿಗಳಲ್ಲಿ ವಿಕಲಚೇತನರಿಗೆ ಬೋಧನಾ ಶುಲ್ಕ ಹೇಗೂ ಮನ್ನಾ. ಅದಕ್ಕೇ ‘ನನಗೆ ಸ್ಕಾಲರ್‌ಶಿಪ್ ಬೇಡ’ ಎನ್ನುವವರಿದ್ದಾರೆ. ಶುಲ್ಕದ ಭಾಗ ಬೇಡವಾದರೂ ಭತ್ಯೆ ಮತ್ತು ಸಾಧನದ ಹಣ ಉಳಿದೇ ಇರುತ್ತದೆ. ಹಾಸ್ಟೆಲ್‌ನಲ್ಲಿದ್ದರೆ 10 ತಿಂಗಳ ಲೆಕ್ಕಕ್ಕೇ ವರ್ಷಕ್ಕೆ 55,000. ಕಂಪ್ಯೂಟರ್ ಮತ್ತು ಸಾಧನದ ಹಣ ಮರುಪಾವತಿಯಾಗಿ ಬರುವುದರಿಂದ ವಿದ್ಯಾರ್ಥಿಯ ಹೆಸರಿನಲ್ಲೇ ಜಿಎಸ್‌ಟಿ ಬಿಲ್ ಮಾಡಿಸಿ. ಅಣ್ಣನ ಹೆಸರಿನ ಆನ್‌ಲೈನ್ ಖಾತೆಯಿಂದ ತರಿಸಿದ ಲ್ಯಾಪ್‌ಟಾಪ್ ಬಿಲ್ ಇಟ್ಟುಕೊಂಡು ಆಮೇಲೆ ಪರದಾಡಬೇಡಿ.

ಪರಿಶಿಷ್ಟ ಜಾತಿಯ ವಿಕಲಚೇತನ ವಿದ್ಯಾರ್ಥಿ

ಇಲ್ಲಿ ಆಯ್ಕೆ ಎಲ್ಲಕ್ಕಿಂತ ಸೂಕ್ಷ್ಮ. ಪರಿಶಿಷ್ಟ ಜಾತಿಯವರ ಪೋಸ್ಟ್ ಮೆಟ್ರಿಕ್ ಯೋಜನೆಯ ಆದಾಯ ಮಿತಿಯೂ 2.5 ಲಕ್ಷವೇ. ಶುಲ್ಕ ಬೇರೆಯಾಗಿ ಭರಿಸಿ, ವೃತ್ತಿಪರ ಪದವಿಗೆ ಹಾಸ್ಟೆಲ್‌ನಲ್ಲಿದ್ದರೆ ವರ್ಷಕ್ಕೆ 13,500 ಶೈಕ್ಷಣಿಕ ಭತ್ಯೆ. ವಿಕಲಚೇತನರಿಗೆ ಅದರ ಮೇಲೆ ಶೇ. 10 ಹೆಚ್ಚು, ಅಂದರೆ 14,850. ವಿಕಲಚೇತನರ ಪೋಸ್ಟ್ ಮೆಟ್ರಿಕ್‌ನಲ್ಲಿ ಇದೇ ವಿದ್ಯಾರ್ಥಿಗೆ ಭತ್ಯೆಗಳೆಲ್ಲ ಸೇರಿ 19,500. ನಾಲ್ಕೂವರೆ ಸಾವಿರ ಹೆಚ್ಚು, ನಿಜ. ಆದರೆ ಪರಿಶಿಷ್ಟ ಜಾತಿಯ ಯೋಜನೆಗೆ 17,000ದ ಹಾಗೆ ಸ್ಥಾನದ ಮಿತಿಯಿಲ್ಲ, ಅರ್ಹರೆಲ್ಲರಿಗೂ ಅನ್ವಯ. ಆ ವ್ಯತ್ಯಾಸಕ್ಕಾಗಿ ಖಚಿತವಾದದ್ದನ್ನು ಬಿಡುವುದು ನಮ್ಮ ಲೆಕ್ಕದಲ್ಲಿ ಸರಿಯಲ್ಲ. ಪರಿಶಿಷ್ಟ ಜಾತಿಯ ಯೋಜನೆಗೇ ಹಾಕಿ, ಅಂಗವೈಕಲ್ಯದ ವಿವರವನ್ನು ಅದರಲ್ಲೇ ತುಂಬಿಸಿ. ಸರ್ಕಾರಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವವರಾದರೆ ಸಕ್ಷಮ್ ಜೊತೆಗೂ ಮೇಲಿನ ಹಾಗೆ ಹೋಲಿಸಿ ನೋಡಿ.

ರಾಜ್ಯದ್ದು

ಕರ್ನಾಟಕದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಎಲ್ಲರ ಬಾಯಲ್ಲಿ ಎಸ್‌ಎಸ್‌ಪಿ. ಎನ್‌ಎಸ್‌ಪಿಯಲ್ಲಿ ಸ್ಥಾನ ಸಿಗದವರು, ಸಕ್ಷಮ್ ಮೊದಲ ವರ್ಷ ತಪ್ಪಿಸಿಕೊಂಡವರು ಇದನ್ನು ಬಿಡಬಾರದು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ನಾಡಕಚೇರಿಯ ವಿವರ ತಾನೇ ಬರುತ್ತದೆ. ಅಂಕಪಟ್ಟಿ, ಶುಲ್ಕ ರಸೀದಿಯಂಥವನ್ನು ಕಾಲೇಜಿನಲ್ಲಿ ಮೊದಲೇ ಇ-ದೃಢೀಕರಣ ಮಾಡಿಸಿಟ್ಟುಕೊಳ್ಳಿ. ದೃಷ್ಟಿದೋಷವಿರುವವರು ಟಾಕಿಂಗ್ ಲ್ಯಾಪ್‌ಟಾಪ್ (ಪರದೆಯಲ್ಲಿದ್ದುದನ್ನು ಓದಿ ಹೇಳುವಂಥದು) ಬಗ್ಗೆಯೂ ಇದೇ ಇಲಾಖೆಯಲ್ಲಿ ಕೇಳಿ. ಅದು ಸಾಧನದ ಯೋಜನೆ, ವಿದ್ಯಾರ್ಥಿವೇತನಕ್ಕಿಂತ ಬೇರೆ.

ಸಾಲ ಎಲ್ಲಿ ಬೇಕಾಗುತ್ತದೆ

ಮೇಲಿನ ಹಣವೆಲ್ಲ ತಡವಾಗಿ ಬರುವಂಥದು. ಕಾಲೇಜು ಮಾತ್ರ ಸೇರುವ ದಿನವೇ ಶುಲ್ಕ ಕೇಳುತ್ತದೆ. ಈ ನಡುವಿನ ತಿಂಗಳುಗಳಿಗಾಗಿಯೇ ಎಷ್ಟೋ ಮನೆಗಳು ಕೈಸಾಲಕ್ಕೆ ಇಳಿಯುತ್ತವೆ. ಮೊದಲು ಪ್ರಾಂಶುಪಾಲರಿಗೆ ಕಂತಿನಲ್ಲಿ ಕಟ್ಟಲು ಬರವಣಿಗೆಯಲ್ಲಿ ಕೇಳಿ, ಅರ್ಜಿ ಹಾಕಿದ ಪ್ರತಿ ಲಗತ್ತಿಸಿ. ಆಗದಿದ್ದರೆ ಬ್ಯಾಂಕ್ ಸಾಲ.

ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದವರೆಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಮರುಪಾವತಿ ಶುರುವಾಗುವವರೆಗೆ ಶೇ. 3 ಬಡ್ಡಿ ರಿಯಾಯಿತಿ. ಒಂದು ಕೊಕ್ಕೆ ಇದೆ: ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವವರಿಗೆ ಈ ರಿಯಾಯಿತಿ ಇಲ್ಲ. 4 ಲಕ್ಷದ ಸಾಲಕ್ಕೆ ಶೇ. 3 ಎಂದರೆ ವರ್ಷಕ್ಕೆ 12,000. ಅದಕ್ಕಾಗಿ 50,000 ಬಿಡುವ ಮಾತೇ ಇಲ್ಲ. ಸಾಲ ಬೇಕಾದರೆ ತೆಗೆದುಕೊಳ್ಳಿ, ರಿಯಾಯಿತಿಯನ್ನು ಮರೆತುಬಿಡಿ. ವಿಕಲಚೇತನರಿಗೆಂದೇ ಇರುವ ರಾಷ್ಟ್ರೀಯ ದಿವ್ಯಾಂಗಜನ ಹಣಕಾಸು ಮತ್ತು ಅಭಿವೃದ್ಧಿ ನಿಗಮವೂ ಶಿಕ್ಷಣ ಸಾಲ ಕೊಡುತ್ತದೆ. ಬ್ಯಾಂಕಿನ ಬಡ್ಡಿ ದರ ಕೇಳಿದ ದಿನವೇ ಅದರದ್ದನ್ನೂ ವಿಚಾರಿಸಿ ಪಕ್ಕಪಕ್ಕ ಇಟ್ಟು ನೋಡಿ.

ಅರ್ಜಿ ಎಲ್ಲಿ ಬಿದ್ದುಹೋಗುತ್ತದೆ

ಹೆಚ್ಚಿನವು ಬೀಳುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಎಚ್ ಆರ್’, ಆಧಾರ್‌ನಲ್ಲಿ ‘ಕಾವ್ಯ ರಾಜಪ್ಪ’, ಯುಡಿಐಡಿಯಲ್ಲಿ ಬರೀ ‘ಕಾವ್ಯ’. ಮನುಷ್ಯರ ಕಣ್ಣಿಗೆ ಮೂವರೂ ಒಬ್ಬಳೇ, ಪೋರ್ಟಲ್‌ಗೆ ಮೂವರು. ಅಂಕಪಟ್ಟಿ ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ, ಆದ್ದರಿಂದ ಅದನ್ನೇ ಗಟ್ಟಿ ಮಾಡಿಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಮೊದಲು ಆಧಾರ್, ಆಮೇಲೆ ಹೊಸ ಆಧಾರ್ ತೋರಿಸಿ ಯುಡಿಐಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹಾಗಾಗಿ ಇನಿಷಿಯಲ್ ಹಿಂದೋ ಮುಂದೋ, ನಡುವೆ ಚುಕ್ಕೆ ಇದೆಯೋ ಇಲ್ಲವೋ ಎಂಬುದನ್ನೂ ಅಂಕಪಟ್ಟಿ ನೋಡಿಯೇ ಬರೆಸಿ.

ಎನ್‌ಎಸ್‌ಪಿಯಲ್ಲಿ ಈಗ ಮೊದಲು ಒಂದು ಸಲದ ನೋಂದಣಿ ಮಾಡಿ 14 ಅಂಕಿಯ ಓಟಿಆರ್ ಸಂಖ್ಯೆ ಪಡೆಯಬೇಕು. ಅದಕ್ಕೆ ಆಧಾರ್ ಜೊತೆಗಿನ ಮೊಬೈಲ್ ವಿದ್ಯಾರ್ಥಿಯ ಕೈಯಲ್ಲೇ ಇರಬೇಕು. ಸೈಬರ್ ಸೆಂಟರ್‌ನವರ ನಂಬರ್ ಹಾಕಿಸಿದರೆ ಮುಂದಿನ ವರ್ಷ ನವೀಕರಣಕ್ಕೆ ಓಟಿಪಿ ಅವರ ಫೋನಿಗೆ ಹೋಗುತ್ತದೆ.

ಹಣ ಮಂಜೂರಾದರೂ ಖಾತೆಗೆ ಬರದಿರುವುದಕ್ಕೆ ಎರಡು ಕಾರಣ ಪದೇಪದೇ ಕಾಣುತ್ತವೆ. ಮೊದಲನೆಯದು ಆಧಾರ್ ಸೀಡಿಂಗ್. ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿದ್ದರಷ್ಟೇ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ನಿಮ್ಮ ಆಧಾರ್‌ಗೆ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬುದು ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ದಾಖಲಾಗಿರಬೇಕು. ಡಿಬಿಟಿ ಹಣ, ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ, ಹೀಗೆ ಕೊನೆಯದಾಗಿ ಸೀಡ್ ಆದ ಖಾತೆಗೆ ಹೋಗುತ್ತದೆ, ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಸಿಮ್ ತೆಗೆದುಕೊಳ್ಳುವಾಗ ತೆರೆದ ಪೇಮೆಂಟ್ಸ್ ಬ್ಯಾಂಕಿಗೆ ಹಣ ಹೋಗಿ ಕುಳಿತು, ಮನೆಯವರು ಹಳೆಯ ಪಾಸ್‌ಬುಕ್ಕನ್ನು ಎಂಟ್ರಿ ಮಾಡಿಸುತ್ತಲೇ ಇರುತ್ತಾರೆ. ಯುಐಡಿಎಐ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಯಾವ ಬ್ಯಾಂಕು ಎಂದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಎರಡನೆಯದು ಪೂರ್ತಿ ಕೆವೈಸಿ ಇಲ್ಲದ ಸಣ್ಣ ಖಾತೆ. ಅದರಲ್ಲಿ 50,000ಕ್ಕಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ. ಶುಲ್ಕ ಮರುಪಾವತಿಯ ದೊಡ್ಡ ಮೊತ್ತ ಅಲ್ಲಿಂದ ವಾಪಸ್ ಹೋಗಬಹುದು. ಬ್ಯಾಂಕಿಗೆ ಹೋಗಿ ಕೆವೈಸಿ ಪೂರ್ತಿ ಮಾಡಿಸಿದರೆ ಮುಗಿಯಿತು.

ಶುಲ್ಕದ ಕಲಂನಲ್ಲಿ ಮರಳಿ ಸಿಗುವ ಠೇವಣಿಯನ್ನು ಸೇರಿಸಬೇಡಿ. ಕಾಷನ್ ಡಿಪಾಸಿಟ್, ಲೈಬ್ರರಿ ಠೇವಣಿ ಬಿಟ್ಟು ಉಳಿದದ್ದನ್ನು ರಸೀದಿಯಲ್ಲಿದ್ದ ಹಾಗೇ ಬರೆಯಿರಿ.

ಅರ್ಜಿ ಸಲ್ಲಿಸಿದ ಮೇಲೆ ಅದು ಮೊದಲು ಕಾಲೇಜಿನ ನೋಡಲ್ ಅಧಿಕಾರಿಯ ಲಾಗಿನ್‌ಗೆ ಹೋಗುತ್ತದೆ. ವಿದ್ಯಾರ್ಥಿಯ ಕೊನೆಯ ದಿನಾಂಕ ಬೇರೆ, ಕಾಲೇಜು ಪರಿಶೀಲಿಸುವ ಕೊನೆಯ ದಿನಾಂಕ ಬೇರೆ. ಪ್ರಿಂಟ್ ಮತ್ತು ದಾಖಲೆಗಳನ್ನು ಕಾಲೇಜಿಗೆ ಕೊಟ್ಟು ಸ್ವೀಕೃತಿ ಪಡೆದು, ವಾರಕ್ಕೊಮ್ಮೆ ಸ್ಥಿತಿ ನೋಡಿ. ‘ಡಿಫೆಕ್ಟಿವ್’ ಎಂದು ಬಂದರೆ ಗಾಬರಿ ಬೇಡ, ಅದು ತಿದ್ದಿ ಮತ್ತೆ ಕಳಿಸಲು ವಾಪಸ್ ಬಂದಿದೆ ಎಂದರ್ಥ. ಆದರೆ ದಿನಾಂಕದೊಳಗೆ ತಿದ್ದಬೇಕು. ‘ರಿಜೆಕ್ಟೆಡ್’ ಎಂದರೆ ಮಾತ್ರ ಆ ವರ್ಷದ ಕಥೆ ಮುಗಿದಂತೆ.

ಹಳ್ಳಿಯಲ್ಲಿರುವವರು ಪ್ರತಿ ಹೆಜ್ಜೆಗೂ ಪೇಟೆಗೆ ಓಡಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರೂ ಬಹುಪಾಲು ವಿಕಲಚೇತನರೇ. ಯುಡಿಐಡಿ ತಿದ್ದುಪಡಿಯಿಂದ ಎಸ್‌ಎಸ್‌ಪಿವರೆಗೆ ಎಲ್ಲಿ ಯಾವ ಕಾಗದ ಬೇಕು ಎಂಬುದು ಅವರಿಗೆ ಬಾಯಿಪಾಠ. ಅವರ ಕೈಯಲ್ಲಿ ಆಗದ್ದು, ಅಂದರೆ ಕಾಲೇಜು ಪರಿಶೀಲಿಸದೆ ಕುಳಿತಿರುವುದು, ಇಲಾಖೆಯ ಹಂತದಲ್ಲಿ ಅರ್ಜಿ ನಿಂತಿರುವುದು, ಇಂಥವಕ್ಕೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಅರ್ಜಿ ಸಂಖ್ಯೆ ಬರೆದು ಲಿಖಿತ ಮನವಿ ಕೊಡಿ. ಅಲ್ಲೂ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ಅಧಿನಿಯಮದ ರಾಜ್ಯ ಆಯುಕ್ತರ ಕಚೇರಿ ಇದೆ. ದೂರಿನ ಜೊತೆಗೆ ಅರ್ಜಿಯ ಪ್ರಿಂಟ್, ಕಾಲೇಜಿನ ಸ್ವೀಕೃತಿ, ಸ್ಥಿತಿ ತೋರಿಸುವ ಪುಟದ ಪ್ರತಿ ಇಡುವುದನ್ನು ಮರೆಯಬೇಡಿ.